‘ಹೆಡ್‌ಮಾಸ್ಟರ್ ಒಬ್ಬರೇ ಏನು ಮಾಡಿಯಾರು?’ ಎನ್ನುವವರಿಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಸೀಮೆಯಲ್ಲಿ ಒಂದೇ ಮಾತು ಬಾಯಿಂದ ಬಾಯಿಗೆ ಓಡಾಡುತ್ತದೆ: ‘ಪಾಪ, ಹೆಡ್‌ಮಾಸ್ಟರ್ ಒಬ್ಬರೇ ಏನು ಮಾಡಿಯಾರು?’ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ಪಟ್ಟಣದ ಸರ್ಕಾರಿ ಪ್ರೌಢಶಾಲೆಯ ವಿಷಯ ಎತ್ತಿದರೂ ಚರ್ಚೆ ಅಲ್ಲಿಗೇ ಬಂದು ನಿಲ್ಲುತ್ತದೆ. ಕೆಂಪಾಪುರದಂಥ ಊರುಗಳ ಮಕ್ಕಳು ಬಸ್ ಹತ್ತಿ ಹೋಗುವುದು ಇಂಥ ಪಟ್ಟಣದ ಶಾಲೆಗಳಿಗೇ. ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿ ಬೆಳಕಿಗೆ ಬಂದದ್ದು 2015ರಲ್ಲಿ. ಆಮೇಲೆ ಮಂತ್ರಿಗಳು ಬಂದರು, ಅಧಿಕಾರಿಗಳು ಬಂದರು, ಸ್ಮಾರಕದ ಅಭಿವೃದ್ಧಿಯ ಮಾತು ನಡೆಯಿತು. ನಡೆಯಲಿ, ಅದು ಆಗಬೇಕಾದ ಕೆಲಸವೇ. ಆದರೆ ಈ ಊರಿನ ಮಕ್ಕಳು ಓದುವ ಪ್ರೌಢಶಾಲೆಗೆ ಪೂರ್ಣಾವಧಿ ಮುಖ್ಯ ಶಿಕ್ಷಕರಿದ್ದಾರೆಯೇ, ಇದ್ದರೆ ಎಷ್ಟು ವರ್ಷ ಉಳಿಯುತ್ತಾರೆ ಎಂದು ಅಷ್ಟೇ ಕಾಳಜಿಯಿಂದ ಕೇಳಿದವರು ಕಡಿಮೆ.

ನನ್ನ ವಾದ ಇಷ್ಟು. ಸೋತು ಕೂತ ಶಾಲೆಯನ್ನು ಮೇಲೆತ್ತುವುದು ಮೊದಲನೆಯದಾಗಿ ತರಗತಿಯ ಪಾಠ. ಆ ಪಾಠವನ್ನು ಇಡೀ ಶಾಲೆಯಲ್ಲಿ ಸರಿಪಡಿಸಬಲ್ಲ ಸ್ಥಾನದಲ್ಲಿ ಇರುವವರು ಮುಖ್ಯ ಶಿಕ್ಷಕರು. ಪದವಿಪೂರ್ವ ಕಾಲೇಜಿನ ಆವರಣದಲ್ಲಿರುವ ಪ್ರೌಢಶಾಲೆಯಾದರೆ ಉಪ ಪ್ರಾಂಶುಪಾಲರು. ಇದಕ್ಕೆ ಎದುರಾಗಿ ಹೇಳುವ ಮಾತುಗಳನ್ನು ಒಂದೊಂದಾಗಿ ನೋಡೋಣ. ಓದುಗರೇ ತೀರ್ಪು ಕೊಡಲಿ.

ಮೊದಲನೆಯ ಮಾತು: ಮಕ್ಕಳು ಬರುವ ಮನೆಯೇ ಅಂಥದು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕಡೆ ದುಡಿಯುವವರ ಮಕ್ಕಳು, ಚನ್ನಪಟ್ಟಣದಲ್ಲಿ ಅರಗಿನ ಬೊಂಬೆ ಮಾಡುವವರ ಮಕ್ಕಳು, ಬೆಳಕು ಹರಿಯುವ ಮೊದಲೇ ಗಾರ್ಮೆಂಟ್ಸ್ ವ್ಯಾನು ಹತ್ತುವ ತಾಯಂದಿರ ಮಕ್ಕಳು. ಮನೆಯಲ್ಲಿ ಓದು ಹೇಳಿಕೊಡುವವರಿಲ್ಲ, ಶಾಲೆ ಏನು ಮಾಡೀತು? ಸ್ವಲ್ಪ ಓದಿಕೊಂಡವರು ಇದಕ್ಕೆ ಅಮೆರಿಕದ ಕೋಲ್ಮನ್ ವರದಿಯನ್ನು ಜೋಡಿಸುತ್ತಾರೆ. ಮಕ್ಕಳ ಕಲಿಕೆಯಲ್ಲಿನ ಅಂತರಕ್ಕೆ ಶಾಲೆಗಿಂತ ಮನೆಯ ಹಿನ್ನೆಲೆಯೇ ದೊಡ್ಡ ಕಾರಣ ಎಂದು 1966ರಲ್ಲಿ ಆ ವರದಿ ಹೇಳಿದ್ದು ನಿಜ. ಆದರೆ ಅವರ ಓದು 1966ಕ್ಕೇ ನಿಂತುಬಿಟ್ಟಿದೆ. ಮೈಕಲ್ ರಟ್ಟರ್ ಮತ್ತು ಸಂಗಡಿಗರು ಲಂಡನ್ ನಗರದ ಒಳಭಾಗದ 12 ಪ್ರೌಢಶಾಲೆಗಳನ್ನು ವರ್ಷಗಟ್ಟಲೆ ಗಮನಿಸಿ 1979ರಲ್ಲಿ ಪುಸ್ತಕ ತಂದರು. ಮಕ್ಕಳು ಎಂಥ ಮನೆಯಿಂದ, ಎಂಥ ತಯಾರಿಯಿಂದ ಬಂದರು ಎಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಹಾಜರಿ, ನಡವಳಿಕೆ, ಪರೀಕ್ಷೆಯ ಫಲಿತಾಂಶ ಮೂರರಲ್ಲೂ ಶಾಲೆಯಿಂದ ಶಾಲೆಗೆ ಅಂತರವಿತ್ತು. ಅದೇ ವರ್ಷ ರೊನಾಲ್ಡ್ ಎಡ್ಮಂಡ್ಸ್, ಅಮೆರಿಕದ ನಗರಗಳ ಬಡ ಮಕ್ಕಳಿಗೆ ಚೆನ್ನಾಗಿ ಕಲಿಸುತ್ತಿದ್ದ ಶಾಲೆಗಳ ಲಕ್ಷಣಗಳನ್ನು ಪಟ್ಟಿ ಮಾಡಿದರು. ಗಟ್ಟಿ ಮುಖ್ಯಸ್ಥರು ಇರುವುದು ಆ ಪಟ್ಟಿಯ ಮುಂಚೂಣಿಯಲ್ಲಿತ್ತು.

ಈ ವಾದದೊಳಗೇ ಒಂದು ವಿರೋಧಾಭಾಸ ಕೂತಿದೆ. ‘ಎಲ್ಲ ಮನೆಯ ಮೇಲೆ’ ಎನ್ನುವ ಇದೇ ಜನ, ನೂರಕ್ಕೆ ನೂರು ಫಲಿತಾಂಶ ತಂದ ಖಾಸಗಿ ಶಾಲೆಯ ಆಡಳಿತವನ್ನು ಕೊಂಡಾಡುತ್ತಾರೆ. ಮನೆಯೇ ಎಲ್ಲ ಎಂದಾದರೆ, ಆರಿಸಿ ಅಡ್ಮಿಷನ್ ಕೊಡುವ ಆ ಶಾಲೆಗೆ ಹೊಗಳಿಕೆ ಯಾಕೆ? ಶಾಲೆಗೂ ಪಾಲಿದೆ ಎಂದಾದರೆ ಸರ್ಕಾರಿ ಶಾಲೆಗೆ ಬಂದಾಗ ಆ ಪಾಲು ಎಲ್ಲಿ ಮಾಯವಾಯಿತು? ಯಾವುದಾದರೂ ಒಂದನ್ನು ಒಪ್ಪಿಕೊಳ್ಳಲಿ. ಬಡತನವನ್ನು ಶಾಲೆ ಅಳಿಸಿಹಾಕುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಒಬ್ಬ ಹುಡುಗ ಎರಡು ದಿನ ಸತತ ಬಾರದಿದ್ದರೆ ಅದೇ ದಿನ ಮನೆಗೆ ಫೋನ್ ಹೋಗುತ್ತದೆಯೇ, ಬೆಳಗಿನ ಬಸ್ಸು ಮೊದಲ ಪೀರಿಯಡ್ ಮುಗಿದ ಮೇಲೆ ಬಂದು ನಿಲ್ಲುತ್ತಿದ್ದರೆ ಡಿಪೋ ಮ್ಯಾನೇಜರಿಗೆ ಪತ್ರ ಬರೆದು ಬೆನ್ನು ಹತ್ತುವವರು ಇದ್ದಾರೆಯೇ, ಉರ್ದು ಮಾಧ್ಯಮದಲ್ಲಿ ಓದಿ ಬಂದು ಎಂಟನೇ ತರಗತಿಯಲ್ಲಿ ಕನ್ನಡದ ಪಠ್ಯ ಹಿಡಿದು ತಡವರಿಸುವ ಹುಡುಗಿಗೆ ಜೂನ್‌ನಲ್ಲೇ ಬೇರೆ ಅಭ್ಯಾಸ ಸಿಗುತ್ತದೆಯೇ, ಇವಕ್ಕೆ ಉತ್ತರ ಮನೆಯಲ್ಲಿಲ್ಲ. ಎಚ್.ಎಂ. ಕೊಠಡಿಯಲ್ಲಿದೆ.

ಎರಡನೆಯದು: ಶಿಕ್ಷಕರೇ ಇಲ್ಲದ ಮೇಲೆ ನಾಯಕತ್ವ ಎಲ್ಲಿಂದ? ಹುದ್ದೆಗಳು ಖಾಲಿ ಇವೆ, ಗಣಿತ ವಿಜ್ಞಾನಕ್ಕೆ ಅತಿಥಿ ಶಿಕ್ಷಕರನ್ನೇ ನಂಬಬೇಕಾದ ಶಾಲೆಗಳಿವೆ. ಇದು ಸರ್ಕಾರದ ತಪ್ಪು. ಅದನ್ನು ಯಾವ ಮುಖ್ಯ ಶಿಕ್ಷಕರ ತಲೆಗೂ ಕಟ್ಟಲು ನಾನು ಸಿದ್ಧನಿಲ್ಲ. ಆದರೆ ಈ ವಾದ ಒಂದು ಸಣ್ಣ ಪ್ರಶ್ನೆಗೆ ಉತ್ತರಿಸದೆ ಜಾರಿಕೊಳ್ಳುತ್ತದೆ. ಇರುವ ಶಿಕ್ಷಕರನ್ನು ಎಲ್ಲಿ ಹಾಕಿದ್ದೀರಿ? ಬಹುತೇಕ ಕಡೆ ಶಾಲೆಯ ಅತ್ಯುತ್ತಮ ಗಣಿತ ಮೇಷ್ಟ್ರು ಹತ್ತನೇ ತರಗತಿಗೆ ಮೀಸಲು. ಎಂಟನೇ ತರಗತಿ ಯಾರ ಪಾಲಿಗೆ ಬೀಳುತ್ತದೆ? ಆ ವರ್ಷ ತಡವಾಗಿ ಬಂದ ಅತಿಥಿ ಶಿಕ್ಷಕರಿಗೆ. ಭಾಗಾಕಾರ ಬಾರದೆ ಎಂಟಕ್ಕೆ ಬಂದ ಮಗು ಭಾಗಾಕಾರ ಬಾರದೆಯೇ ಹತ್ತಕ್ಕೆ ಹೋಗುತ್ತದೆ. ಅಲ್ಲಿ ಅತ್ಯುತ್ತಮ ಮೇಷ್ಟ್ರು ತ್ರಿಕೋನಮಿತಿ ಹೇಳುತ್ತಾ ಒದ್ದಾಡುತ್ತಾರೆ. ವೇಳಾಪಟ್ಟಿ ಬರೆಯುವ ಪೆನ್ನು ಶಾಲೆಯಲ್ಲೇ ಇದೆ. ಅದಕ್ಕೆ ಬೆಂಗಳೂರಿನಿಂದ ಮಂಜೂರಾತಿ ಬೇಕಿಲ್ಲ.

ಮೂರನೆಯ ವಾದವನ್ನು ಸ್ವಲ್ಪ ಹೆಚ್ಚು ಹೊತ್ತು ಬಿಡಿಸಿ ನೋಡಬೇಕು, ಯಾಕೆಂದರೆ ಅದು ಯಶಸ್ಸಿನ ವೇಷ ತೊಟ್ಟುಕೊಂಡು ಬರುತ್ತದೆ. ‘ನೀವು ಹೇಳುವ ನಾಯಕತ್ವ ಈಗಾಗಲೇ ಇದೆ. ಜನವರಿಯಿಂದ ವಿಶೇಷ ತರಗತಿ, ರಾತ್ರಿ ಗುಂಪು ಅಧ್ಯಯನ, ಹಿಂದುಳಿದ ಮಕ್ಕಳನ್ನು ಶಿಕ್ಷಕರಿಗೆ ದತ್ತು ಕೊಡುವುದು, ಪಾಸಿಂಗ್ ಪ್ಯಾಕೇಜ್ ಎಲ್ಲ ಮಾಡುತ್ತೇವೆ. ಫಲಿತಾಂಶ ಏರಿದೆ, ಇನ್ನೇನು ಬೇಕು?’ ಫಲಿತಾಂಶ ಏರಿದ ಬಗೆಯನ್ನೇ ನೋಡೋಣ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿ.ಸಿ. ಟಿ.ವಿ. ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾಯಿತು. ಆ ವರ್ಷದ ಮೊದಲ ಪರೀಕ್ಷೆಯ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಹೇಗೆ? ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಅದಕ್ಕೆ ಬೇಕಾದ ಕನಿಷ್ಠ ಅಂಕವನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೆ. ಮರುವರ್ಷ ಆ ಕೃಪಾಂಕ ಇಲ್ಲವಾಯಿತು. ಹೊಸದಾಗಿ ಪರೀಕ್ಷೆ ಬರೆದವರಲ್ಲಿ ಶೇ 66.14 ಮಂದಿ ಉತ್ತೀರ್ಣರಾದರು. ಒಂದೇ ವರ್ಷದೊಳಗೆ ರಾಜ್ಯದ ಮಕ್ಕಳೆಲ್ಲ ದಡ್ಡರಾದರೇ? ಶಿಕ್ಷಕರೆಲ್ಲ ಪಾಠ ಮರೆತರೇ? ಕೊಠಡಿಯ ಮೂಲೆಗೆ ಒಂದು ಕ್ಯಾಮೆರಾ ಬಂತು, ಅಷ್ಟೇ. ಕ್ಯಾಮೆರಾ ಕಂಡರೆ ಕರಗುವ ಶೇಕಡಾವಾರನ್ನು ನಾಯಕತ್ವದ ಸಾಧನೆ ಎಂದು ಫಲಕದ ಮೇಲೆ ಬರೆಸಿಕೊಳ್ಳುವುದು ಸಲ್ಲದು.

ನಕಲು ಇಲ್ಲದ ಕಡೆಯೂ ಪಾಸಿಂಗ್ ಪ್ಯಾಕೇಜಿನ ದೋಷ ಹೋಗುವುದಿಲ್ಲ. ಅದು ಆರಿಸಿದ ಪ್ರಶ್ನೆಗಳನ್ನು, ಆರಿಸಿದ ಚಿತ್ರಗಳನ್ನು, ನಕ್ಷೆಯ ನಾಲ್ಕು ಗುರುತುಗಳನ್ನು ಬಾಯಿಪಾಠ ಮಾಡಿಸಿ ಪಾಸಾಗುವಷ್ಟು ಅಂಕ ಕೂಡಿಸುವ ಲೆಕ್ಕ. ರೇಷ್ಮೆ ಸಾಕುವ ನಮ್ಮ ಸೀಮೆಯ ಯಾರಿಗಾದರೂ ಗೊತ್ತು: ಚಾಕಿ ಹಂತದಲ್ಲಿ ಹುಳವನ್ನು ಉಪವಾಸ ಕೆಡವಿ, ಹಣ್ಣಾಗುವ ಹೊತ್ತಿಗೆ ರಾಶಿ ಸೊಪ್ಪು ಸುರಿದರೆ ಚಂದ್ರಿಕೆಯಲ್ಲಿ ಗೂಡು ಕಟ್ಟುವುದಿಲ್ಲ. ಎಂಟು, ಒಂಬತ್ತನೇ ತರಗತಿಗಳನ್ನು ಬರಡು ಬಿಟ್ಟು ಹತ್ತನೆಯದರ ಕೊನೆಯ ಮೂರು ತಿಂಗಳಿಗೆ ಎಲ್ಲರ ಶ್ರಮವನ್ನೂ ಸುರಿಯುವ ಪದ್ಧತಿಗೆ ನಾಯಕತ್ವ ಎಂಬ ಹೆಸರು ಸಲ್ಲದು. ಅದರ ಪರಿಣಾಮ ಪಿಯುಸಿ ಮೊದಲ ವರ್ಷದಲ್ಲಿ ಕಾಣುತ್ತದೆ. ಆದರೆ ಅಷ್ಟು ಹೊತ್ತಿಗೆ ಮಗು ಪ್ರೌಢಶಾಲೆಯ ಲೆಕ್ಕದಿಂದ ಆಚೆ ಹೋಗಿರುತ್ತದೆ.

ಈ ವಾದದಲ್ಲಿ ಇನ್ನೂ ಕೆಟ್ಟ ಒಂದು ಅಂಶವಿದೆ, ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಶೇಕಡಾವಾರು ಉಳಿಸಿಕೊಳ್ಳಲು ಅತಿ ಸುಲಭದ ದಾರಿ, ಪಾಸಾಗದ ಮಗುವನ್ನು ಪರೀಕ್ಷೆಗೇ ಕೂರಿಸದಿರುವುದು. ಒಂಬತ್ತನೇ ತರಗತಿಯ ಕೊನೆಗೆ ‘ಟಿ.ಸಿ. ತಗೊಂಡು ಬೇರೆ ಕಡೆ ಸೇರಿಸಿ’ ಎನ್ನುವುದು, ಹಾಜರಿ ಕಡಿಮೆ ಎಂದು ಹೆಸರು ತೆಗೆಯುವುದು, ‘ಖಾಸಗಿಯಾಗಿ ಕಟ್ಟಿಸಿ’ ಎಂದು ಪೋಷಕರಿಗೆ ಹೇಳಿ ಕಳಿಸುವುದು. ಹೀಗೆ ಬಂದ ನೂರಕ್ಕೆ ನೂರರಲ್ಲಿ ಹೊರಗೆ ಹೋದ ಮಗುವಿನ ಲೆಕ್ಕವೇ ಇಲ್ಲ. ಹಾಗಾಗಿ ಒಂದು ಪ್ರೌಢಶಾಲೆಯನ್ನು ಅಳೆಯಲು ನಾನು ಕೇಳುವ ಪ್ರಶ್ನೆ ಇದು: ಮೂರು ವರ್ಷದ ಹಿಂದೆ ಎಂಟನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತನೇ ತರಗತಿಯ ಪರೀಕ್ಷೆ ಬರೆದರು, ಅವರಲ್ಲಿ ಎಷ್ಟು ಮಂದಿ ಪಾಸಾದರು? ಮಕ್ಕಳ ಸೇರ್ಪಡೆ, ವರ್ಗಾವಣೆ ಎಲ್ಲ ಇಲಾಖೆಯ ಎಸ್‌ಎಟಿಎಸ್ ತಂತ್ರಾಂಶದಲ್ಲಿ ದಾಖಲಾಗುತ್ತದೆ. ಲೆಕ್ಕ ತೆಗೆಯಲು ಕಷ್ಟವಿಲ್ಲ. ಕೇಳುವವರು ಬೇಕು.

ನಾಲ್ಕನೆಯದು ಹಳೆಯ ರಾಗ: ‘ಮುಂಚಿನ ಹೆಡ್‌ಮಾಸ್ಟರರ ಹಾಗೆ ಕೈಯಲ್ಲಿ ಬೆತ್ತ ಇರಬೇಕು. ಇಡೀ ಶಾಲೆ ನಡುಗಬೇಕು.’ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ‘ಅದು ಎಂಟನೇ ತರಗತಿವರೆಗೆ ತಾನೆ’ ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಒಂಬತ್ತಕ್ಕೆ ಬಂದ ಕೂಡಲೇ ಮಗುವಿಗೆ ನೋವಾಗುವುದು ನಿಲ್ಲುತ್ತದೆಯೇ? ಕಾನೂನನ್ನು ಬದಿಗಿಟ್ಟು ಫಲವನ್ನೇ ನೋಡಿದರೂ ಈ ವಾದ ನಿಲ್ಲುವುದಿಲ್ಲ. ರಟ್ಟರ್ ನೋಡಿದ ಶಾಲೆಗಳಲ್ಲಿ ಒಳ್ಳೆಯ ಫಲಕ್ಕೆ ಜೊತೆಯಾಗಿ ಕಂಡದ್ದು ಶಿಕ್ಷೆಯ ಪ್ರಮಾಣವಲ್ಲ. ಮಕ್ಕಳ ಕೆಲಸವನ್ನು ಮೆಚ್ಚಿ ಗೋಡೆಗೆ ಹಾಕುವುದು, ಮಕ್ಕಳಿಗೆ ಜವಾಬ್ದಾರಿ ಕೊಡುವುದು, ಶಿಕ್ಷಕರು ಸಮಯಕ್ಕೆ ಸರಿಯಾಗಿ ಪಾಠ ಶುರು ಮಾಡುವುದು. ಬೆತ್ತ ಬೇಕೆನ್ನುವವರು ಇದರಲ್ಲಿ ಕೊನೆಯದನ್ನು ಗಮನಿಸಲಿ. ಗಂಟೆ ಹೊಡೆದ ಮೇಲೆ ಹತ್ತು ನಿಮಿಷ ಸ್ಟಾಫ್ ರೂಮಿನಲ್ಲಿ ಕಳೆದರೆ, ಆ ಹತ್ತು ನಿಮಿಷದ ಗಲಾಟೆಗೆ ಪೆಟ್ಟು ತಿನ್ನುವುದು ಮಕ್ಕಳು. ಶಿಸ್ತು ಬೇಕಾದದ್ದು ಅಲ್ಲಿ ಯಾರಿಗೆ?

ಕಟ್ಟಡ, ಸ್ಮಾರ್ಟ್ ಕ್ಲಾಸ್ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಲ್ಲಿ ದಾನಿಯೊಬ್ಬರು ಕೋಟಿಗಟ್ಟಲೆ ಖರ್ಚು ಮಾಡಿ ಸರ್ಕಾರಿ ಶಾಲೆಗೆ ದೊಡ್ಡ ಕಟ್ಟಡ ಕಟ್ಟಿಸಿಕೊಟ್ಟರು. ಅಂಥ ದಾನಕ್ಕೆ ತಲೆಬಾಗುತ್ತೇನೆ. ಶೌಚಾಲಯ, ನೀರು ಇಲ್ಲದ ಶಾಲೆಯಿಂದ ಮೊದಲು ಬಿಟ್ಟುಹೋಗುವವರು ಹೆಣ್ಣುಮಕ್ಕಳು, ಆದ್ದರಿಂದ ಕಟ್ಟಡ ಮುಖ್ಯವೇ. ಆದರೆ ಪ್ರಯೋಗಾಲಯದ ಬೀಗದ ಕೈ ಯಾರ ಜೇಬಿನಲ್ಲಿದೆ, ವಾರಕ್ಕೆ ಎಷ್ಟು ಸಲ ಆ ಬಾಗಿಲು ತೆರೆಯುತ್ತದೆ ಎಂಬುದನ್ನು ದಾನಿ ನಿರ್ಧರಿಸಲಾರರು.

ಆರನೆಯ ಮಾತು ಎರಡು ಬಾಯಿಂದ ಬರುತ್ತದೆ. ಇವೆರಡನ್ನೂ ಎದುರುಬದುರು ನಿಲ್ಲಿಸಿದರೆ ಸಾಕು. ಮುಖ್ಯ ಶಿಕ್ಷಕರು ಹೇಳುತ್ತಾರೆ: ‘ಬಿಸಿಯೂಟದ ಲೆಕ್ಕ, ಹಾಲಿನ ಪುಡಿ, ಮೊಟ್ಟೆ, ಸ್ಕಾಲರ್‌ಶಿಪ್ ಅರ್ಜಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ನಮೂನೆಗೆ ಮಧ್ಯಾಹ್ನದೊಳಗೆ ಉತ್ತರ. ತರಗತಿಗೆ ಹೋಗಲು ಪುರುಸೊತ್ತೆಲ್ಲಿ?’ ಇಲಾಖೆಯವರು ಹೇಳುತ್ತಾರೆ: ‘ನಾವು ಪ್ರತಿ ತಿಂಗಳು ಪರಿಶೀಲನಾ ಸಭೆ ಮಾಡುತ್ತೇವೆ, ಪ್ರತಿ ಶಾಲೆಯಿಂದ ಕ್ರಿಯಾ ಯೋಜನೆ ತರಿಸುತ್ತೇವೆ, ಸುಧಾರಣೆ ನಡೆದಿದೆ.’ ಯೋಜನೆ ಬರೆಯಲು ಸಮಯವಿದೆ, ಯೋಜನೆಯಲ್ಲಿ ಬರೆದದ್ದನ್ನು ಮಾಡಲು ಸಮಯವಿಲ್ಲ ಎಂದರೆ ಆ ಯೋಜನೆ ಯಾರಿಗಾಗಿ? ಮಧ್ಯಪ್ರದೇಶದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಶಾಲೆಗಳ ಮೌಲ್ಯಮಾಪನ, ಪ್ರತಿ ಶಾಲೆಗೆ ಸುಧಾರಣಾ ಯೋಜನೆ, ಮೇಲಿನವರ ಮೇಲ್ವಿಚಾರಣೆ ಇದ್ದ ಕಾರ್ಯಕ್ರಮವನ್ನು ಕಾರ್ತಿಕ್ ಮುರಳೀಧರನ್ ಮತ್ತು ಅಭಿಜಿತ್ ಸಿಂಗ್ ಪ್ರಾಯೋಗಿಕವಾಗಿ ಅಧ್ಯಯನ ಮಾಡಿದರು. ಮೌಲ್ಯಮಾಪನ ನಡೆಯಿತು, ಯೋಜನೆಗಳು ಬರೆಯಲ್ಪಟ್ಟವು. ಮಕ್ಕಳ ಕಲಿಕೆ ಮಾತ್ರ ಇದ್ದಲ್ಲೇ ಇತ್ತು. ಹಾಗಿದ್ದೂ ಅದು ಯಶಸ್ವಿ ಮಾದರಿ ಎನಿಸಿಕೊಂಡು ಇನ್ನಷ್ಟು ಕಡೆಗೆ ಹರಡಿತು.

ಇದರರ್ಥ ಮುಖ್ಯ ಶಿಕ್ಷಕರ ದೂರು ನಿಜ, ಇಲಾಖೆಯ ಹೆಮ್ಮೆ ಸುಳ್ಳು. ಆದರೆ ದೂರು ನಿಜವಾದ ಮಾತ್ರಕ್ಕೆ ಅದರಿಂದ ಅವರು ತೆಗೆಯುವ ತೀರ್ಮಾನ ನಿಜವಾಗುವುದಿಲ್ಲ. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು ಅನೇಕ ಅಧ್ಯಯನಗಳನ್ನು ಒಟ್ಟಿಗೆ ಹಾಕಿ 2008ರಲ್ಲಿ ತೋರಿಸಿದರು: ಮುಖ್ಯಸ್ಥರು ಮಾಡುವ ನಾನಾ ಕೆಲಸಗಳಲ್ಲಿ ಮಕ್ಕಳ ಕಲಿಕೆಗೆ ಅತಿ ಹೆಚ್ಚು ನೆರವಾಗುವುದು, ಶಿಕ್ಷಕರು ಕಲಿಯುವ ಕಡೆ ತಾವೂ ಕೂತು ಕಲಿಯುವುದು. ನಮ್ಮ ಮಾತಿನಲ್ಲಿ ಹೇಳಿದರೆ, ದಿನಕ್ಕೆ ಒಂದು ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕೂರುವುದು, ಸಂಜೆಯೊಳಗೆ ಆ ಶಿಕ್ಷಕಿಯ ಜೊತೆ ಆ ಪಾಠದ ಬಗ್ಗೆಯೇ ಮಾತಾಡುವುದು, ಸ್ಟಾಫ್ ಮೀಟಿಂಗಿನಲ್ಲಿ ಸುತ್ತೋಲೆ ಓದುವ ಬದಲು ಮಕ್ಕಳ ನೋಟ್‌ಬುಕ್ ಮೇಜಿನ ಮೇಲಿಟ್ಟು ಎಲ್ಲರೂ ನೋಡುವುದು. ಇದಕ್ಕೆ ಒಂದು ರೂಪಾಯಿಯ ಅನುದಾನ ಬೇಡ, ಆದರೆ ಆ ಒಂದು ಗಂಟೆಯನ್ನು ನಮೂನೆಗಳಿಂದ ಕಾಪಾಡಿಕೊಡುವ ಬಿಇಒ ಬೇಕು. ಪ್ರಥಮ ದರ್ಜೆಯಾಗಲಿ ದ್ವಿತೀಯ ದರ್ಜೆಯಾಗಲಿ, ಒಬ್ಬ ಸಹಾಯಕರೂ ಇಲ್ಲದ ಶಾಲೆಗೆ ಗುಮಾಸ್ತೆಯ ಕೆಲಸವನ್ನೆಲ್ಲ ಹೊರಿಸಿ, ಆಮೇಲೆ ‘ಶೈಕ್ಷಣಿಕ ನಾಯಕತ್ವ’ ಎಂಬ ಎರಡು ದಿನದ ತರಬೇತಿಗೆ ಕರೆಯುವುದು ಅನ್ಯಾಯ.

ತರಬೇತಿಯ ಮಾತು ಬಂದಾಗ ಏಳನೆಯ ವಾದ ಎದ್ದು ನಿಲ್ಲುತ್ತದೆ: ‘ಅದು ಹುಟ್ಟುಗುಣ. ಎಚ್. ನರಸಿಂಹಯ್ಯನವರಂಥವರು ಮತ್ತೆ ಹುಟ್ಟುತ್ತಾರೆಯೇ?’ ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ವಿದ್ಯಾರ್ಥಿಗಳ ಹಾಸ್ಟೆಲಿನಲ್ಲೇ ಬದುಕು ಕಳೆದ ಎಚ್ಚೆನ್ ಅವರ ಮುಂದೆ ನಿಂತರೆ ಯಾರಿಗಾದರೂ ಕೈಕಾಲು ಸೋಲುತ್ತದೆ. ಈ ಹೊಗಳಿಕೆಯಲ್ಲಿ ನುಣುಚಿಕೊಳ್ಳುವ ಉಪಾಯ ಅಡಗಿದೆ. ಅವರನ್ನು ಮಹಾತ್ಮರೆಂದು ಎತ್ತರಕ್ಕೆ ಕೂರಿಸಿಬಿಟ್ಟರೆ, ಅವರು ಮಾಡಿದ್ದನ್ನು ಮಾಡಬೇಕಾದ ಹೊಣೆ ಉಳಿದವರಿಗಿಲ್ಲ. ಅವರ ತ್ಯಾಗ ಅಪರೂಪದ್ದು, ಒಪ್ಪುತ್ತೇನೆ. ಆದರೆ 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಅವರು ತೀರಿಕೊಂಡ ಮೇಲೂ ನಡೆಯಿತು. ವ್ಯಕ್ತಿಯ ಗುಣವೊಂದೇ ಕಾರಣವಾಗಿದ್ದರೆ ಅದು ಅವರ ಜೊತೆಗೇ ಮುಗಿಯಬೇಕಿತ್ತು. ಅವರು ಕಟ್ಟಿದ್ದು ಪದ್ಧತಿ, ಮತ್ತು ಪದ್ಧತಿಯನ್ನು ಕಲಿಯಬಹುದು, ಕಲಿಸಬಹುದು.

ಲಂಡನ್ನಿನಲ್ಲಿ ಕಲಿಸಿ ತೋರಿಸಿದ್ದಾರೆ. 2003ರಲ್ಲಿ ಶುರುವಾಗಿ 2011ರವರೆಗೆ ನಡೆದ ‘ಲಂಡನ್ ಚಾಲೆಂಜ್’ನಲ್ಲಿ ಚೆನ್ನಾಗಿ ನಡೆಸಿದ ಅನುಭವಿ ಮುಖ್ಯ ಶಿಕ್ಷಕರನ್ನು ಸೋಲುತ್ತಿದ್ದ ಶಾಲೆಗಳ ಮುಖ್ಯ ಶಿಕ್ಷಕರ ಜೊತೆಗೆ ನಿಲ್ಲಿಸಿದರು. ಶಿಕ್ಷಣ ಕ್ಷೇತ್ರದಲ್ಲಿ ಪಳಗಿದ ಟಿಮ್ ಬ್ರಿಗ್‌ಹೌಸ್ ಅದರ ಮುಂದಾಳಾಗಿದ್ದರು. ಇಂಗ್ಲೆಂಡಿನಲ್ಲೇ ಹಿಂದುಳಿದಿದ್ದ ಆ ನಗರದ ಪ್ರೌಢಶಾಲೆಗಳು ಮುಂದಿನ ಸಾಲಿಗೆ ಬಂದವು. ಆ ಬದಲಾವಣೆಗೆ ಬೇರೆ ಕಾರಣಗಳೂ ಇದ್ದವು ಎಂದು ಸಂಶೋಧಕರು ವಾದಿಸುತ್ತಾರೆ, ಇರಲಿ. ಮುಖ್ಯ ಶಿಕ್ಷಕರು ಹುಟ್ಟಿಯೇ ಬರಬೇಕು ಎಂದು ಅವರಲ್ಲಿ ಯಾರೂ ಕೈಕಟ್ಟಿ ಕೂರಲಿಲ್ಲ ಎಂಬುದು ನಮಗೆ ಬೇಕಾದ ಸಂಗತಿ. ಕನಕಪುರದಲ್ಲಿ ಚೆನ್ನಾಗಿ ನಡೆಸುತ್ತಿರುವ ಒಬ್ಬ ಮುಖ್ಯ ಶಿಕ್ಷಕಿ ವಾರಕ್ಕೊಂದು ದಿನ ಮಾಗಡಿಯ ಒಂದು ಸೋತ ಶಾಲೆಯಲ್ಲಿ ಕೂತು ಅಲ್ಲಿನ ಮುಖ್ಯ ಶಿಕ್ಷಕರ ಜೊತೆ ಕೆಲಸ ಮಾಡಲು ಯಾವ ಕಾನೂನು ತಿದ್ದುಪಡಿ ಬೇಕು?

ಕೊನೆಯದಾಗಿ ಉಳಿದದ್ದು ಅಧಿಕಾರದ ಪ್ರಶ್ನೆ: ‘ಮುಖ್ಯ ಶಿಕ್ಷಕರಿಗೆ ಹೆಚ್ಚು ಅಧಿಕಾರ ಕೊಟ್ಟರೆ ದುರುಪಯೋಗವಾಗುತ್ತದೆ.’ ಆಗಬಹುದು. ಅದಕ್ಕೇ 2001ರಲ್ಲಿ, ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಮೇಲೆ, ಪೋಷಕರಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು ಬಂದದ್ದು. ಕೇಳುವ ಪೋಷಕರಿದ್ದರೆ ದುರುಪಯೋಗಕ್ಕೆ ತಡೆ ಇದೆ. ಅಧಿಕಾರವೇ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೂ ದಾಖಲೆಯಿದೆ. ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಭಾರತವೂ ಸೇರಿ ಎಂಟು ದೇಶಗಳ 1,800ಕ್ಕೂ ಹೆಚ್ಚು ಪ್ರೌಢಶಾಲೆಗಳ ಆಡಳಿತವನ್ನು ಅಳೆದು 2015ರಲ್ಲಿ ಪ್ರಕಟಿಸಿದರು. ಆಡಳಿತ ಚೆನ್ನಾಗಿದ್ದಲ್ಲಿ ಮಕ್ಕಳ ಫಲಿತಾಂಶವೂ ಚೆನ್ನಾಗಿತ್ತು. ಸರ್ಕಾರದ ಹಣದಲ್ಲೇ ನಡೆಯುತ್ತಾ ಸ್ವಾಯತ್ತತೆ ಇರುವ ಶಾಲೆಗಳು ಮೇಲಿದ್ದವು, ಅದಕ್ಕೆ ಮುಖ್ಯಸ್ಥರ ನಾಯಕತ್ವವೂ ಅವರು ಯಾರಿಗಾದರೂ ಉತ್ತರ ಕೊಡಬೇಕಾದ ವ್ಯವಸ್ಥೆಯೂ ಕಾರಣವಾಗಿ ಕಂಡವು. ಎಂಟರಲ್ಲಿ ಕೊನೆಯ ಸ್ಥಾನ ಭಾರತದ್ದು.

ಈ ವಾದ ಮಾಡುವವರು ಮುಚ್ಚಿಡುವ ಒಂದು ಸಂಗತಿಯಿದೆ. ಅಧಿಕಾರ ಕೊಡಬಾರದು ಎನ್ನುವವರೇ, ಹುದ್ದೆ ಖಾಲಿಯಾದಾಗ ಸೇವೆಯಲ್ಲಿ ಹಿರಿಯರಾದ ಒಬ್ಬ ಸಹ ಶಿಕ್ಷಕರಿಗೆ ‘ಪ್ರಭಾರ’ ವಹಿಸಿ ಕೈತೊಳೆದುಕೊಳ್ಳುತ್ತಾರೆ. ಆ ಶಿಕ್ಷಕರು ತಮ್ಮ ಪೀರಿಯಡ್‌ಗಳನ್ನೂ ತೆಗೆದುಕೊಳ್ಳಬೇಕು, ಶಾಲೆಯನ್ನೂ ನಡೆಸಬೇಕು, ನಿನ್ನೆಯವರೆಗೆ ಜೊತೆಗೆ ಟೀ ಕುಡಿದ ಸಹೋದ್ಯೋಗಿಯ ಪಾಠದ ಬಗ್ಗೆ ಇಂದು ಮಾತಾಡಬೇಕು, ನಾಳೆ ಮುಖ್ಯ ಶಿಕ್ಷಕರು ಬಂದರೆ ಮತ್ತೆ ಹಳೆಯ ಕುರ್ಚಿಗೆ ಹೋಗಬೇಕು. ಬಂದ ಮುಖ್ಯ ಶಿಕ್ಷಕರಾದರೂ ಶಾಲೆಯ ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಹೊತ್ತಿಗೆ ವರ್ಗಾವಣೆಯ ಕೌನ್ಸೆಲಿಂಗ್ ಬರುತ್ತದೆ. ಎಂಟನೇ ತರಗತಿಗೆ ಸೇರಿದ ಮಗು ಹತ್ತು ಮುಗಿಸಲು ಮೂರು ವರ್ಷ ಬೇಕು. ಆ ಮಗುವನ್ನು ಒಳಗೆ ಬರಮಾಡಿಕೊಂಡ ಮುಖ್ಯ ಶಿಕ್ಷಕರೇ ಹೊರಗೆ ಕಳಿಸುವಷ್ಟಾದರೂ ಕಾಲ ಆ ಶಾಲೆಯಲ್ಲಿ ಇರಲಿ. ಎಸ್‌ಡಿಎಂಸಿ ಎದುರು ಎಂಟನೇ ತರಗತಿಗೆ ಸೇರಿದವರಿಂದ ಹಿಡಿದು ಲೆಕ್ಕ ಒಪ್ಪಿಸಲಿ. ಪ್ರಭಾರದ ಹೆಸರಿನಲ್ಲಿ ಯಾವ ಪಟ್ಟಣದ ಪ್ರೌಢಶಾಲೆಯೂ ಒಂದು ಅವಧಿಗಿಂತ ಹೆಚ್ಚು ನಡೆಯದಿರಲಿ. ಇಷ್ಟನ್ನು ಮಾಡಿ, ಆಮೇಲೂ ಶಾಲೆ ಏಳದಿದ್ದರೆ ಬನ್ನಿ, ಹೆಡ್‌ಮಾಸ್ಟರ್ ಒಬ್ಬರೇ ಏನು ಮಾಡಿಯಾರು ಎಂದು ಕೇಳಿ.